ಮೀನಿಗೂ ಕೈಗೂ ನಡುವೆ ಐದು ಗಂಟು

ಹಿಮಾಚಲದ ತೀರ್ಥನ್ ನದಿಯಲ್ಲಿ ನಾನು ಕಳೆದುಕೊಂಡ ಮೊದಲ ಟ್ರೌಟ್ ಎಷ್ಟು ದೊಡ್ಡದಿತ್ತು ಎಂದು ಕೇಳಿದವರಿಗೆ ವರ್ಷಕ್ಕೊಂದು ಅಳತೆ ಹೇಳುತ್ತ ಬಂದಿದ್ದೇನೆ. ಬದಲಾಗದೆ ಉಳಿದಿರುವುದು ಅವತ್ತು ಕೈಗೆ ವಾಪಸು ಬಂದ ದಾರದ ತುದಿ ಮಾತ್ರ. ಅದು ಹಾಗಲ ಬಳ್ಳಿಯ ಕುಡಿಯಂತೆ ಸುರುಳಿ ಸುತ್ತಿಕೊಂಡಿತ್ತು. ಜೊತೆಗಿದ್ದ ಗೈಡ್ ಅದನ್ನು ಬೆರಳ ಮೇಲೆ ಇಟ್ಟುಕೊಂಡು, ಬಿಸಿಲಿಗೆ ಹಿಡಿದು ನೋಡಿ, "ಮೀನು ಕಡಿದಿಲ್ಲ ಸಾಬ್, ಗಂಟು ಬಿಚ್ಚಿಕೊಂಡಿದೆ" ಎಂದ. ದಾರ ತನ್ನ ಬಲ ಮೀರಿ ಹರಿದರೆ ತುದಿ ಮೊಟಕಾಗಿ ನೇರವಾಗಿರುತ್ತದೆ. ಕಲ್ಲಿಗೆ ಉಜ್ಜಿ ಹೋಗಿದ್ದರೆ ಉಗುರಿಗೆ ತರಿತರಿ ಹತ್ತುತ್ತದೆ. ಸುರುಳಿ ಬಂದರೆ ಮಾತ್ರ ತಪ್ಪು ಕಟ್ಟಿದವನದು. ಆ ರಾಡಿಗೆ ಒಂದು ತಿಂಗಳ ಸಂಬಳ ಸುರಿದಿದ್ದೆ. ಆ ಗಂಟಿಗೆ ಕೊಟ್ಟದ್ದು ಹತ್ತು ಸೆಕೆಂಡೂ ಇರಲಾರದು.

ಫ್ಲೈ ಫಿಶಿಂಗ್‌ನ ಸಲಕರಣೆಯ ಬಗ್ಗೆ ಬರುವ ಬರಹಗಳೆಲ್ಲ ಸಾಮಾನ್ಯವಾಗಿ ರಾಡ್‌ನಿಂದ ಶುರುವಾಗಿ, ರೀಲ್ ದಾಟಿ, ಕೊನೆಗೆ ಪುಟ ಉಳಿದರೆ ಗಂಟಿನ ಮಾತಿಗೆ ಬರುತ್ತವೆ. ಅಂಗಡಿಯ ಬೆಲೆಪಟ್ಟಿಯೂ ಅದೇ ಕ್ರಮದಲ್ಲಿ ಇಳಿಯುತ್ತದೆ. ನದಿಯಲ್ಲಿ ಲೆಕ್ಕ ಪೂರಾ ತಿರುವುಮುರುವು. ಅಲ್ಲಿ ಮೀನಿಗೆ ಎಷ್ಟು ಹತ್ತಿರವಿದ್ದರೆ ಅಷ್ಟು ಮುಖ್ಯ. ಹಾಗಾಗಿ ಈ ಸಮೀಕ್ಷೆಯನ್ನು ಮೀನಿನ ಬಾಯಿಂದ ಹೊರಟು ಕೈಯ ಕಡೆಗೆ ನಡೆಸುತ್ತೇನೆ.

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ನಮ್ಮ ಹಳ್ಳಿಗಳಲ್ಲಿ ಗಾಳ ಎಂದರೆ ಬಿದಿರು ಕಡ್ಡಿ, ಒಂದಷ್ಟು ನೈಲಾನ್ ದಾರ, ಬೆಂಡು, ಕೊಕ್ಕೆ, ಎರೆಹುಳು. ತೇಜಸ್ವಿಯವರನ್ನು ಓದಿದವರಿಗೆ ಅದರ ಹುಚ್ಚೂ ಗೊತ್ತು. ದೂರಕ್ಕೆ ಎಸೆಯುವಾಗ ಹಾರುವುದು ದಾರಕ್ಕೆ ಕಟ್ಟಿದ ಸೀಸದ ತೂಕ, ಉಳಿದದ್ದೆಲ್ಲ ಅದರ ಹಿಂದೆ ಎಳೆದುಕೊಂಡು ಹೋಗುತ್ತದೆ. ಫ್ಲೈ ಎಂದರೆ ಸಣ್ಣ ಕೊಕ್ಕೆಯ ಮೇಲೆ ಗರಿ, ತುಪ್ಪಳ, ನೂಲು ಸುತ್ತಿ ನೀರುಹುಳುವಿನಂತೆಯೋ ಮರಿಮೀನಿನಂತೆಯೋ ಕಾಣಿಸುವ ವಸ್ತು. ಅದಕ್ಕೆ ತೂಕವೇ ಇಲ್ಲ. ಕೋಳಿಗರಿಯೊಂದನ್ನು ಮೂವತ್ತು ಅಡಿ ಆಚೆ ಎಸೆಯಲು ಪ್ರಯತ್ನಿಸಿ, ಕಷ್ಟ ಗೊತ್ತಾಗುತ್ತದೆ. ಆದ್ದರಿಂದ ಇಲ್ಲಿ ತೂಕವನ್ನು ದಾರಕ್ಕೇ ಕೊಟ್ಟಿದ್ದಾರೆ. ದಪ್ಪನೆಯ ಲೈನ್ ಗಾಳಿಯಲ್ಲಿ ಮಡಚಿ ಬಿಚ್ಚಿಕೊಳ್ಳುತ್ತ ಮುಂದೆ ಹೋಗುತ್ತದೆ, ಫ್ಲೈ ಅದರ ಬಾಲಕ್ಕೆ ಅಂಟಿಕೊಂಡು ಹೋಗುತ್ತದೆ. ದನ ಹೊಡೆಯುವ ಚಾಟಿಯ ಹಾಗೆ. ಚಾಟಿ ಬುಡದಲ್ಲಿ ದಪ್ಪ, ತುದಿಯಲ್ಲಿ ಸಪೂರ. ತೋಳಿನ ಬೀಸು ತುದಿಯವರೆಗೆ ಹರಿಯುವುದು ಆ ಇಳಿತದಿಂದಲೇ. ಇಲ್ಲಿಯೂ ರೀಲ್‌ಗೆ ಬ್ಯಾಕಿಂಗ್ ಎಂಬ ಮೀಸಲು ದಾರ, ಬ್ಯಾಕಿಂಗ್‌ಗೆ ಲೈನ್, ಲೈನ್‌ಗೆ ಲೀಡರ್ ಎಂಬ ಇಳಿತದ ದಾರ, ಲೀಡರ್‌ಗೆ ಟಿಪೆಟ್ ಎಂಬ ತುದಿಯ ಎಳೆ, ಟಿಪೆಟ್‌ಗೆ ಫ್ಲೈ ಎಂದು ಒಂದು ಸರಪಳಿ ಇದೆ; ಲೈನ್‌ನಿಂದ ಮುಂದಕ್ಕೆ ಅದು ಸಪೂರವಾಗುತ್ತ ಹೋಗುತ್ತದೆ. ಸರಪಳಿಯಲ್ಲಿ ಐದು ಕೂಡಿಕೆ, ಐದು ಗಂಟು.

ಫ್ಲೈಯ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಅದರ ಮೇಲೆ ಬರೆದ ಪುಸ್ತಕಗಳೇ ಒಂದು ಕಪಾಟು ತುಂಬುತ್ತವೆ. 1496ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ, ಡೇಮ್ ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿಯ ಹೆಸರಿಗೆ ಹಚ್ಚುವ ಗಾಳದ ಗ್ರಂಥದಲ್ಲಿ ಇಡೀ ಋತುವಿಗೆ ಹನ್ನೆರಡು ಫ್ಲೈಗಳು ಸಾಕಾಗಿದ್ದವು. ಇಂದಿನ ಹೊಸಬರ ಪೆಟ್ಟಿಗೆಯಲ್ಲಿ ಇನ್ನೂರು ಇರುತ್ತವೆ, ಬಳಸುವುದು ಆರು. ಹ್ಯಾಂಪ್‌ಶೈರ್‌ನ ಟೆಸ್ಟ್ ಮತ್ತು ಇಚೆನ್ ನದಿಗಳ ದಂಡೆಯಲ್ಲಿ ಫ್ರೆಡರಿಕ್ ಹಾಲ್ಫೋರ್ಡ್‌ನ ಹಿಂಬಾಲಕರು ತೇಲುವ ಫ್ಲೈ ಬಿಟ್ಟು ಬೇರೆಯದು ಅಧರ್ಮ ಎಂದರು. ಜಿ.ಇ.ಎಂ. ಸ್ಕ್ಯೂಸ್ ಎಂಬ ವಕೀಲ ನೀರೊಳಗಿನ ಮರಿಹುಳುವಿನ ನಕಲೂ ನ್ಯಾಯವೇ ಎಂದ. ಶೈವ ವೈಷ್ಣವರ ವಾದದಷ್ಟೇ ಬಿಸಿಯಾಗಿ ಅದು ದಶಕಗಟ್ಟಲೆ ನಡೆಯಿತು. ಮೀನುಗಳು ಎರಡನ್ನೂ ತಿನ್ನುತ್ತಿದ್ದವು.

ಕೊಕ್ಕೆಯ ಬಗ್ಗೆ ಎರಡು ಮಾತು ಬೇಕು. ನಂಬರ್ ಏರಿದಷ್ಟೂ ಕೊಕ್ಕೆ ಸಣ್ಣದಾಗುತ್ತದೆ. 8 ದೊಡ್ಡದು, 18 ಅಕ್ಕಿಕಾಳಿನಷ್ಟು. ಮತ್ತು ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಬಿಡಿ. ಮೀನನ್ನು ವಾಪಸು ಬಿಡುವವರಿಗೆ ಅದು ಮೀನಿನ ಮೇಲಿನ ದಯೆ. ಗಾಳಿ ತಿರುಗಿ ಕೊಕ್ಕೆ ಸ್ವಂತ ಕಿವಿಗೆ ಚುಚ್ಚಿಕೊಂಡ ದಿನ ಅದು ತಮ್ಮ ಮೇಲಿನ ದಯೆಯೂ ಹೌದೆಂದು ತಿಳಿಯುತ್ತದೆ. ದಾರ ಬಿಗಿಯಾಗಿ ಇಟ್ಟುಕೊಂಡರೆ ಮುಳ್ಳಿಲ್ಲದ ಕೊಕ್ಕೆಯಿಂದ ಮೀನು ತಪ್ಪಿಸಿಕೊಳ್ಳುವುದು ಅಪರೂಪ. ಸಡಿಲ ಬಿಡುವವನಿಗೆ ಮುಳ್ಳಿದ್ದೂ ಪ್ರಯೋಜನವಿಲ್ಲ.

ಇನ್ನು ಮೊದಲ ಗಂಟು, ಫ್ಲೈಗೂ ಟಿಪೆಟ್‌ಗೂ ನಡುವಿನದು. ದಿನಕ್ಕೆ ಹತ್ತಿಪ್ಪತ್ತು ಸಲ, ಮೊಣಕಾಲುದ್ದ ತಣ್ಣೀರಿನಲ್ಲಿ ನಿಂತು, ಸಂಜೆಗತ್ತಲಲ್ಲೂ ಕಟ್ಟಬೇಕಾದದ್ದು ಇದೊಂದೇ. ಲೋಕದಲ್ಲಿ ಹೆಚ್ಚು ಜನ ಕಟ್ಟುವುದು ಕ್ಲಿಂಚ್. ದಾರದ ತುದಿಯನ್ನು ಕೊಕ್ಕೆಯ ಕಣ್ಣಿನಲ್ಲಿ ತೂರಿಸಿ ಒಂದು ಗೇಣು ಎಳೆದುಕೊಳ್ಳಿ. ಆ ತುದಿಯನ್ನು ಮೂಲ ದಾರದ ಸುತ್ತ ಐದು ಸುತ್ತು ಸುತ್ತಿ. ವಾಪಸು ತಂದು ಕಣ್ಣಿನ ಪಕ್ಕದಲ್ಲೇ ಉಳಿದಿರುವ ಪುಟ್ಟ ಕುಣಿಕೆಯೊಳಗೆ ಹಾಯಿಸಿ. ಹಾಗೆ ಹಾಯಿಸುವಾಗ ಹೊರಗೊಂದು ದೊಡ್ಡ ಕುಣಿಕೆ ಹುಟ್ಟುತ್ತದೆ, ಅದರೊಳಗೂ ಒಮ್ಮೆ ತೂರಿಸಿದರೆ ಅದೇ ಇಂಪ್ರೂವ್ಡ್ ಕ್ಲಿಂಚ್. ದಾರ ದಪ್ಪವಿದ್ದರೆ ನಾಲ್ಕು ಸುತ್ತು ಸಾಕು. ಐದು ಹಾಕಿದರೆ ಸುತ್ತುಗಳು ಸರಿಯಾಗಿ ಕೂರುವುದೇ ಇಲ್ಲ. ಕೂದಲೆಳೆಯಷ್ಟು ಸಪೂರವಿದ್ದರೆ ಆರು. ಬಿಗಿದ ಮೇಲೆ ಸುತ್ತುಗಳು ಕೈಗೆ ಬಳೆ ತೊಟ್ಟ ಹಾಗೆ ಒಂದರ ಪಕ್ಕ ಒಂದು ಒತ್ತಾಗಿ ಇರಬೇಕು. ಒಂದರ ಮೇಲೊಂದು ಹತ್ತಿದ್ದರೆ ಕತ್ತರಿಸಿ ಮತ್ತೆ ಕಟ್ಟಿ. 'ಇರಲಿ, ನಡೆಯುತ್ತೆ' ಎಂದುಕೊಂಡ ಗಂಟಿಗೇ ದೊಡ್ಡ ಮೀನು ಬರುವುದು. ಇದಕ್ಕೆ ಕಾರಣ ನನಗೆ ಗೊತ್ತಿಲ್ಲ, ಅನುಭವ ಮಾತ್ರ ಇದೆ.

ಆದರೆ ಸುತ್ತಿನ ಲೆಕ್ಕಕ್ಕಿಂತ ದೊಡ್ಡ ಸಂಗತಿ ಒದ್ದೆ ಮಾಡುವುದು. ಬಿಗಿಯುವಾಗ ದಾರ ದಾರದ ಮೇಲೆ ಉಜ್ಜಿ ಬಿಸಿಯಾಗುತ್ತದೆ. ನೈಲಾನ್ ಆ ಬಿಸಿಗೆ ಅಲ್ಲಲ್ಲೇ ಮೆತ್ತಗಾಗಿ ಬಲ ಕಳೆದುಕೊಳ್ಳುತ್ತದೆ. ಬಾಯಲ್ಲಿಟ್ಟು ಎಂಜಲು ಮಾಡಿ, ಇಲ್ಲವೆ ನದಿಗೆ ಅದ್ದಿ, ಅವಸರಪಡದೆ ಎಳೆದು ಬಿಗಿದರೆ ಸುತ್ತುಗಳು ಜಾರಿ ತಮ್ಮ ಜಾಗಕ್ಕೆ ಬಂದು ಕೂರುತ್ತವೆ. ಇದನ್ನು ನಾನು ತೀರ್ಥನ್‌ನಿಂದ ಬಂದ ವಾರ ಬೆಂಗಳೂರಿನ ಮನೆಯ ಊಟದ ಮೇಜಿನ ಮೇಲೆ ಕಲಿಯುತ್ತಿದ್ದೆ. ಎದುರಿಗೆ ಅಮ್ಮ ಮಲ್ಲಿಗೆ ಕಟ್ಟುತ್ತಿದ್ದರು. ಪಕ್ಕದಲ್ಲಿ ಒಂದು ಲೋಟ ನೀರು, ಅದರಲ್ಲಿ ಬಾಳೆನಾರು. ನನ್ನ ಮೂರನೆಯ ಗಂಟೂ ಪಟ್ಟೆಂದು ಹೋದಾಗ ತಲೆ ಎತ್ತದೆಯೇ ಹೇಳಿದರು: "ಒಣ ನಾರಲ್ಲಿ ಬಿಗಿದ್ರೆ ಕಡಿದು ಹೋಗುತ್ತೆ ಕಣೋ. ಒದ್ದೆ ಮಾಡ್ಕೊ." ಅವರಿಗೆ ಫ್ಲೈ ಎಂದರೇನು ಎಂದು ಇವತ್ತಿಗೂ ಗೊತ್ತಿಲ್ಲ.

ಯಾವ ಗಂಟು ಎಲ್ಲಕ್ಕಿಂತ ಗಟ್ಟಿ ಎಂಬುದು ಈ ಲೋಕದ ಮುಗಿಯದ ಚರ್ಚೆ. ದಾರ ಬದಲಾದರೆ, ದಪ್ಪ ಬದಲಾದರೆ, ಕಟ್ಟಿದ ಕೈ ಬದಲಾದರೆ ಉತ್ತರವೂ ಬದಲಾಗುತ್ತದೆ. ಬೇರೆಯವರ ಪಟ್ಟಿ ನಂಬುವ ಬದಲು ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಒಂದು ಮೊಳ ದಾರ ತೆಗೆದುಕೊಂಡು ಎರಡು ತುದಿಗೂ ಎರಡು ಹಳೆಯ ಕೊಕ್ಕೆ, ಎರಡು ಬೇರೆ ಗಂಟು. ಕೊಕ್ಕೆಗಳನ್ನು ಎರಡು ಇಕ್ಕಳದಲ್ಲಿ ಹಿಡಿದು, ಕಣ್ಣಿಗೆ ಕನ್ನಡಕ ಹಾಕಿಕೊಂಡು, ನಿಧಾನವಾಗಿ ಎಳೆಯಿರಿ. ದಾರ ಒಂದೇ, ಎಳೆತ ಒಂದೇ. ಮೊದಲು ಹೋದದ್ದು ಸೋತ ಗಂಟು. ಹತ್ತು ಸಲ ಮಾಡಿದರೆ ನಿಮ್ಮ ಕೈಗೆ ಒಗ್ಗುವ ಗಂಟು ಯಾವುದೆಂದು ಗೊತ್ತಾಗುತ್ತದೆ. ಒಮ್ಮೆ ಎರಡೂ ಕಡೆ ಅದೇ ಕ್ಲಿಂಚ್ ಕಟ್ಟಿ, ಒಂದನ್ನು ಒದ್ದೆ ಮಾಡಿ ಇನ್ನೊಂದನ್ನು ಒಣದಾಗಿ ಬಿಗಿದು ನೋಡಿ. ಅಮ್ಮನ ಮಾತಿಗೆ ಪುರಾವೆ ಸಿಗುತ್ತದೆ.

ಕ್ಲಿಂಚ್ ಅಲ್ಲದೆ ಕಲಿಯಲೇಬೇಕಾದದ್ದು ಇನ್ನೊಂದಿದೆ: ಬಿಗಿಯದ ಕುಣಿಕೆ. ಅಮೆರಿಕದ ಲೆಫ್ಟಿ ಕ್ರೇ ಪ್ರಚಾರಕ್ಕೆ ತಂದ ನಾನ್‌ಸ್ಲಿಪ್ ಲೂಪ್. ಫ್ಲೈ ಮರಿಮೀನಿನ ನಕಲಾಗಿದ್ದರೆ ಅದು ನೀರಿನಲ್ಲಿ ತಲೆ ಆಡಿಸುತ್ತ ಈಜಬೇಕು. ಕ್ಲಿಂಚ್ ಅದರ ಮೂಗುದಾರ ಬಿಗಿಹಿಡಿದಂತೆ. ಕುಣಿಕೆಯಾದರೆ ಆಡಲು ಬಿಡುತ್ತದೆ. ಮೇಲ್ಮುಖವಾಗಿ ಬಾಗಿದ ಕಣ್ಣಿನ ಕೊಕ್ಕೆಗೆಂದು ಇಂಗ್ಲೆಂಡಿನ ಮೇಜರ್ ಟರ್ಲ್ ಹೆಸರಿನಲ್ಲಿರುವ ಗಂಟು ಚಂದ. ಆದರೆ ಚಂದದ ಆಚೆ ಅದರಿಂದ ನನಗೆ ಲಾಭ ಕಂಡಿಲ್ಲ. ಪುಸ್ತಕಗಳಲ್ಲಿ ನೂರಾರು ಗಂಟುಗಳಿವೆ. ಐದು ಕೂಡಿಕೆಗೆ ಐದು ಗಂಟು, ಮೇಲೊಂದು ಕುಣಿಕೆ. ಇಷ್ಟನ್ನು ಕಣ್ಣು ಮುಚ್ಚಿ ಕಟ್ಟಬಲ್ಲವನು ನೂರು ಗಂಟು ಅರ್ಧಂಬರ್ಧ ಬಲ್ಲವನಿಗಿಂತ ಹೆಚ್ಚು ಮೀನು ನೋಡುತ್ತಾನೆ.

ಟಿಪೆಟ್‌ನ ಕಥೆ ಕನ್ನಡದವರಿಗೆ ರುಚಿಸುವಂಥದ್ದು, ಏಕೆಂದರೆ ಅದರಲ್ಲಿ ರೇಷ್ಮೆ ಬರುತ್ತದೆ. ಐಸಾಕ್ ವಾಲ್ಟನ್ 1653ರಲ್ಲಿ ತನ್ನ ಪುಸ್ತಕ ಬರೆದಾಗ ದಾರವೆಂದರೆ ಕುದುರೆಯ ಬಾಲದ ಕೂದಲು. ಆಮೇಲೆ ಬಂದದ್ದು ರೇಷ್ಮೆ ಹುಳುವಿನ ಕರುಳು ಎಂದು ಹೆಸರಾದ ವಸ್ತು. ನಿಜಕ್ಕೂ ಅದು ಕರುಳಲ್ಲ, ರೇಷ್ಮೆಯ ಗ್ರಂಥಿ. ರಾಮನಗರ, ಶಿಡ್ಲಘಟ್ಟದ ಕಡೆ ಹುಳು ಹಣ್ಣಾದಾಗ ಚಂದ್ರಿಕೆಗೆ ಬಿಡುತ್ತಾರಲ್ಲ, ಸರಿಯಾಗಿ ಅದೇ ಹೊತ್ತಿಗೆ ಸ್ಪೇನಿನ ಮುರ್ಸಿಯಾದಲ್ಲಿ ಹುಳುವನ್ನು ಗೂಡು ಕಟ್ಟಲು ಬಿಡದೆ ವಿನೆಗರ್‌ನಲ್ಲಿ ನೆನೆಹಾಕಿ, ಸೀಳಿ, ಒಳಗಿನ ಗ್ರಂಥಿಯನ್ನು ಎರಡೂ ಕೈಯಿಂದ ಎಳೆದು ದಾರವಾಗಿ ಒಣಗಿಸುತ್ತಿದ್ದರು. ಒಂದು ಹುಳುವಿನಿಂದ ಸಿಗುತ್ತಿದ್ದ ಎಳೆ ಹೆಚ್ಚುಕಡಿಮೆ ಒಂದು ಮೊಳ. ಹಾಗಾಗಿ ಲೀಡರ್ ಎಂದರೆ ಗಂಟಿನ ಮೇಲೆ ಗಂಟು. ಒಣಗಿದಾಗ ಅದು ಕಡ್ಡಿಯಂತೆ ಮುರಿಯುತ್ತಿತ್ತು. ಕಟ್ಟುವ ಮುಂಚೆ ಗಂಟೆಗಟ್ಟಲೆ ನೆನೆಸಿಡಬೇಕಿತ್ತು. ಎಳೆಯನ್ನು ಇನ್ನೂ ಸಪೂರ ಮಾಡಲು ಲೋಹದ ತಗಡಿನ ತೂತುಗಳಲ್ಲಿ ಹಾಯಿಸಿ ಎಳೆಯುತ್ತಿದ್ದರು. ಇವತ್ತು ಟಿಪೆಟ್‌ನ ಸುರುಳಿಯ ಮೇಲೆ ಕಾಣುವ 4ಎಕ್ಸ್, 5ಎಕ್ಸ್ ಎಂಬ ಗುರುತು ಆ ಕಾಲದ ಪಳೆಯುಳಿಕೆ.

ಆ ಗುರುತನ್ನು ಬಿಡಿಸುವ ಸೂತ್ರ ಸುಲಭ. 11ರಿಂದ ಎಕ್ಸ್‌ನ ಮುಂದಿನ ಅಂಕಿ ಕಳೆಯಿರಿ, ಉಳಿದದ್ದು ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ದಪ್ಪ. 5ಎಕ್ಸ್ ಎಂದರೆ 0.006 ಇಂಚು, ಸುಮಾರು 0.15 ಮಿಲಿಮೀಟರ್. 3ಎಕ್ಸ್ ಎಂದರೆ 0.008 ಇಂಚು. ಇದು ದಪ್ಪದ ಅಳತೆಯೇ ಹೊರತು ಬಲದ್ದಲ್ಲ. ಎರಡು ಕಂಪನಿಗಳ 5ಎಕ್ಸ್ ಬೇರೆ ಬೇರೆ ತೂಕಕ್ಕೆ ಹರಿಯಬಹುದು. ಯಾವ ಫ್ಲೈಗೆ ಯಾವುದು ಎಂಬುದಕ್ಕೆ ಕೊಕ್ಕೆಯ ನಂಬರನ್ನು ಮೂರರಿಂದ ಭಾಗಿಸಿ. 16ರ ಕೊಕ್ಕೆಗೆ 5ಎಕ್ಸ್ ಹೊಂದುತ್ತದೆ. ದೊಡ್ಡ ಫ್ಲೈಗೆ ಬಹಳ ಸಪೂರ ದಾರ ಕಟ್ಟಿದರೆ ಬೀಸಿನಲ್ಲಿ ಅದು ಗಿರಗಿರ ತಿರುಗಿ ದಾರಕ್ಕೆ ಹುರಿ ಹತ್ತಿಸುತ್ತದೆ.

1930ರ ದಶಕದ ಕೊನೆಗೆ ನೈಲಾನ್ ಬಂತು, ಹುಳುವಿನ ಕಾಲ ಮುಗಿಯಿತು. 1970ರ ದಶಕದಲ್ಲಿ ಜಪಾನಿನಿಂದ ಫ್ಲೋರೋಕಾರ್ಬನ್ ಬಂತು. ಅಂಗಡಿಯವನು ಇದು ನೀರಿನಲ್ಲಿ ಕಾಣುವುದೇ ಇಲ್ಲ ಎಂದು ಮಾರುತ್ತಾನೆ. ಅರ್ಧ ನಿಜ. ನೀರಿನ ವಕ್ರೀಭವನಾಂಕ 1.33, ಫ್ಲೋರೋಕಾರ್ಬನ್‌ದು ಸುಮಾರು 1.42, ನೈಲಾನ್‌ದು 1.53ರ ಹತ್ತಿರ. ಕಡಿಮೆ ಕಾಣುತ್ತದೆ, ಮಾಯವಾಗುವುದಿಲ್ಲ. ಅದರ ನಿಜವಾದ ಲಾಭ ಬೇರೆ. ಅದು ನೈಲಾನ್‌ಗಿಂತ ಭಾರ, ಬೇಗ ಮುಳುಗುತ್ತದೆ. ನೀರು ಹೀರುವುದಿಲ್ಲ. ಕಲ್ಲಿಗೆ ಉಜ್ಜಿದರೂ ತಾಳುತ್ತದೆ. ನೀರೊಳಗಿನ ಫ್ಲೈಗೆ ಸರಿ, ತೇಲುವ ಫ್ಲೈಗೆ ನೈಲಾನ್ ಸಾಕು. ಬೆಲೆಯೂ ಕಡಿಮೆ, ಗಂಟಿಗೂ ಸುಲಭವಾಗಿ ಬಗ್ಗುತ್ತದೆ. ಫ್ಲೋರೋಕಾರ್ಬನ್ ಗಡಸು, ಅದರಲ್ಲಿ ಗಂಟು ಬಿಗಿಯುವಾಗ ನೀರೂ ನಿಧಾನವೂ ಎರಡೂ ಹೆಚ್ಚು ಬೇಕು. ತೀರ್ಥನ್‌ನಲ್ಲಿ ನನ್ನ ಗಂಟು ಜಾರಿದ್ದು ಈ ದುಬಾರಿ ದಾರದಲ್ಲೇ. ಇನ್ನೊಂದು: ನೈಲಾನ್ ಬಿಸಿಲಿಗೆ, ಕಾರಿನ ಡ್ಯಾಶ್‌ಬೋರ್ಡಿನ ಕಾವಿಗೆ ಸಾಯುತ್ತದೆ. ಹೋದ ವರ್ಷದ ಸುರುಳಿಯನ್ನು ಈ ವರ್ಷ ನಂಬುವ ಮುಂಚೆ ಎರಡು ಕೈಯಲ್ಲಿ ಹಿಡಿದು ಜಗ್ಗಿ ನೋಡಿ. ಎರಡು ಫ್ಲೈ ಕೊಳ್ಳುವ ದುಡ್ಡಿಗೆ ಹೊಸ ಸುರುಳಿ ಬರುತ್ತದೆ.

ಎರಡನೆಯ ಗಂಟು ಟಿಪೆಟ್ ಮತ್ತು ಲೀಡರ್ ಸೇರುವಲ್ಲಿ. ಇಲ್ಲಿ ಎರಡು ಪಂಥ. ಬ್ಲಡ್ ನಾಟ್ ಪಂಥದವರು ಎರಡು ದಾರವನ್ನು ಪರಸ್ಪರ ಐದೈದು ಸುತ್ತು ಸುತ್ತಿ, ಎರಡು ತುದಿಗಳನ್ನೂ ನಡುವಿನ ಸಂದಿಯಲ್ಲಿ ಎದುರುಬದುರಾಗಿ ತೂರಿಸುತ್ತಾರೆ. ನೋಡಲು ಅಕ್ಕಸಾಲಿಯ ಕೆಲಸ. ನೇರವಾಗಿ, ನಯವಾಗಿ ಕೂರುತ್ತದೆ. ಆದರೆ ಎರಡು ದಾರದ ದಪ್ಪ ಹೆಚ್ಚುಕಡಿಮೆ ಒಂದೇ ಇರಬೇಕು, ಬೆರಳು ಮರಗಟ್ಟಿರಬಾರದು. ಇನ್ನೊಂದು ಪಂಥ ಸರ್ಜನ್ಸ್ ನಾಟ್. ಎರಡು ದಾರವನ್ನು ಒಂದು ಗೇಣು ಜೊತೆಜೊತೆಗೆ ಇಟ್ಟು, ಎರಡನ್ನೂ ಒಂದೇ ದಾರವೆಂದುಕೊಂಡು ಸಾದಾ ಗಂಟು ಹಾಕಿ. ಬಿಗಿಯುವ ಮುಂಚೆ ಕುಣಿಕೆಯೊಳಗೆ ಇನ್ನೊಮ್ಮೆ ಹಾಯಿಸಿ, ಸಪೂರ ದಾರವಾದರೆ ಮತ್ತೂ ಒಮ್ಮೆ. ಒದ್ದೆ ಮಾಡಿ ನಾಲ್ಕು ಎಳೆಗಳನ್ನೂ ಸಮವಾಗಿ ಎಳೆಯಿರಿ. ಹತ್ತು ಸೆಕೆಂಡಿನ ಕೆಲಸ, ದಪ್ಪ ಹೊಂದದ ದಾರಗಳನ್ನೂ ಹಿಡಿಯುತ್ತದೆ, ನೈಲಾನ್‌ಗೆ ಫ್ಲೋರೋಕಾರ್ಬನ್ ಕೂಡಿಸಲೂ ಆಗುತ್ತದೆ. ಸ್ವಲ್ಪ ಗುಬುಟಾಗಿರುತ್ತದೆ ಎಂಬುದೊಂದೇ ದೂರು. ಮನೆಯಲ್ಲಿ ಲೀಡರ್ ಕಟ್ಟುವಾಗ ನಾನು ಮೊದಲ ಪಂಥ, ನೀರಿಗಿಳಿದ ಮೇಲೆ ಎರಡನೆಯದು.

ಲೀಡರ್ ಒಂಬತ್ತು ಅಡಿಯದು ಎಲ್ಲ ಕಡೆಗೂ ಸರಿಹೋಗುತ್ತದೆ. ಬುಡ ದಪ್ಪ, ತುದಿ ಸಪೂರ. ಪ್ಯಾರಿಸ್ಸಿನ ಹೋಟೆಲ್ ಮನೆತನದ ಚಾರ್ಲ್ಸ್ ರಿಟ್ಜ್ ಇದಕ್ಕೆ ಕೊಟ್ಟ ಅಂದಾಜು ಪ್ರಮಾಣ ಇಂದಿಗೂ ನಡೆಯುತ್ತದೆ: ನೂರರಲ್ಲಿ ಅರವತ್ತು ಪಾಲು ಬುಡ, ಇಪ್ಪತ್ತು ಇಳಿತ, ಇಪ್ಪತ್ತು ಟಿಪೆಟ್. ಪ್ರತಿ ಸಲ ಫ್ಲೈ ಬದಲಿಸುವಾಗಲೂ ನಾಲ್ಕು ಬೆರಳು ದಾರ ಕಳೆಯುತ್ತದೆ. ಇಳಿತದ ಭಾಗಕ್ಕೆ ಕತ್ತರಿ ಬೀಳುವ ಮುಂಚೆ ಹೊಸ ಟಿಪೆಟ್ ಕೂಡಿಸಿದರೆ ಒಂದೇ ಲೀಡರ್ ಇಡೀ ಋತು ಬರುತ್ತದೆ. ಬೀಸು ತಪ್ಪಿದಾಗ ಲೀಡರಿನಲ್ಲಿ ತಾನಾಗಿಯೇ ಒಂದು ಸಾದಾ ಗಂಟು ಬೀಳುತ್ತದೆ. ಗಾಳಿಯ ಗಂಟು ಎಂದು ಹೆಸರು, ಗಾಳಿ ನಿರಪರಾಧಿ. ಅದು ದಾರದ ಬಲವನ್ನು ಅರ್ಧಕ್ಕಿಳಿಸುತ್ತದೆ. ಗಂಟೆಗೊಮ್ಮೆ ಲೀಡರನ್ನು ಹೆಬ್ಬೆರಳು ತೋರುಬೆರಳ ನಡುವೆ ಸವರಿ ನೋಡುವುದು ಒಳ್ಳೆಯ ಅಭ್ಯಾಸ. ಗಂಟು ಇನ್ನೂ ಸಡಿಲವಿದ್ದರೆ ಸೂಜಿಯಿಂದ ಬಿಡಿಸಿ, ಬಿಗಿದಿದ್ದರೆ ಆ ತುಂಡನ್ನೇ ಬಿಡಿ.

ಮೂರನೆಯದು ಲೀಡರನ್ನು ಲೈನ್‌ಗೆ ಕೂಡಿಸುವ ನೇಲ್ ನಾಟ್. ಮೊಳೆಯ ಪಕ್ಕದಲ್ಲಿ ಸುತ್ತಿ ಕಟ್ಟುವುದರಿಂದ ಆ ಹೆಸರು. ಮೊಳೆಗಿಂತ ಟೊಳ್ಳು ನಳಿಗೆ ಮೇಲು. ಖಾಲಿಯಾದ ಬಾಲ್‌ಪೆನ್ ರೀಫಿಲ್ಲನ್ನು ಒಂದೂವರೆ ಇಂಚು ಕತ್ತರಿಸಿ, ಶಾಯಿ ತೊಳೆದು ಇಟ್ಟುಕೊಂಡಿದ್ದೇನೆ. ಲೀಡರಿನ ಬುಡವನ್ನು ರೀಫಿಲ್ ಮತ್ತು ಲೈನ್ ಎರಡರ ಸುತ್ತಲೂ ಐದಾರು ಸುತ್ತು ಹಾಕಿ, ತುದಿಯನ್ನು ನಳಿಗೆಯೊಳಗೆ ಹಾಯಿಸಿ, ನಳಿಗೆ ಎಳೆದು ತೆಗೆದರೆ ಸುತ್ತುಗಳು ಲೈನ್‌ನ ಮೈಗೆ ಕಚ್ಚಿಕೊಳ್ಳುತ್ತವೆ. ಈಗ ಹೆಚ್ಚಿನ ಲೈನ್‌ಗಳು ಕಾರ್ಖಾನೆಯಿಂದಲೇ ತುದಿಯಲ್ಲಿ ಕುಣಿಕೆಯೊಂದಿಗೆ ಬರುತ್ತವೆ, ಲೀಡರಿನ ಕುಣಿಕೆಯನ್ನು ಅದಕ್ಕೆ ಸಿಕ್ಕಿಸಿದರಾಯಿತು. ಎರಡು ಕುಣಿಕೆ ಒಂದರೊಳಗೊಂದು ಸಮವಾಗಿ ಹೆಣೆದು ಕೂರಬೇಕು. ಒಂದು ಕುಣಿಕೆ ಇನ್ನೊಂದರ ಕುತ್ತಿಗೆ ಹಿಸುಕಿದಂತೆ ಕಂಡರೆ ಬಿಚ್ಚಿ ಮತ್ತೆ ಹಾಕಿ. ಇಲ್ಲದಿದ್ದರೆ ಲೈನ್‌ನ ಹೊದಿಕೆ ಸೀಳುತ್ತದೆ.

ದುಡ್ಡು ಖರ್ಚು ಮಾಡಬೇಕಾದ ಜಾಗ ಲೈನ್. ಹಿಂದೆ ಎಣ್ಣೆ ಕುಡಿಸಿದ ರೇಷ್ಮೆಯ ಲೈನ್‌ಗಳಿದ್ದವು, ದಿನಾ ಸಂಜೆ ಬಿಚ್ಚಿ ಒಣಹಾಕದಿದ್ದರೆ ಕೊಳೆಯುತ್ತಿದ್ದವು. 1950ರ ದಶಕದಿಂದ ಪ್ಲಾಸ್ಟಿಕ್ ಹೊದಿಸಿದವು ಬಂದಿವೆ. ಲೈನ್‌ನ ನಂಬರ್ ಅದರ ಮೊದಲ 30 ಅಡಿಯ ತೂಕಕ್ಕೆ ಕೊಟ್ಟ ಹೆಸರು. 5ನೇ ನಂಬರ್ ಎಂದರೆ 140 ಗ್ರೇನ್, ಸುಮಾರು 9 ಗ್ರಾಂ. 8 ಎಂದರೆ 210 ಗ್ರೇನ್. ರಾಡಿನ ಮೇಲೂ ಅದೇ ನಂಬರ್ ಬರೆದಿರುತ್ತದೆ, ಎರಡೂ ತಾಳೆಯಾದರೆ ಸಾಕು. ಅಗ್ಗದ ರಾಡಿಗೆ ಒಳ್ಳೆಯ ಲೈನ್ ಹಾಕಿದರೆ ಎಸೆತ ಬರುತ್ತದೆ. ದುಬಾರಿ ರಾಡಿಗೆ ಸವೆದು ಬಿರುಕುಬಿಟ್ಟ ಲೈನ್ ಹಾಕಿದರೆ ಬಾರದು. ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಬಟ್ಟೆ ಅದ್ದಿ ತಿಂಗಳಿಗೊಮ್ಮೆ ಒರೆಸಿ. ಡೀಟ್ ಇರುವ ಸೊಳ್ಳೆ ಮುಲಾಮು ಹಚ್ಚಿದ ಕೈಯಲ್ಲಿ ಮಾತ್ರ ಮುಟ್ಟಬೇಡಿ. ಆ ರಾಸಾಯನಿಕ ಲೈನ್‌ನ ಹೊದಿಕೆಯನ್ನೇ ಕರಗಿಸುತ್ತದೆ. ಮುಲಾಮನ್ನು ಮುಂಗೈ ಹಿಂಭಾಗದಿಂದ ಹಚ್ಚಿಕೊಳ್ಳುವುದು ಕಲಿತದ್ದು ಒಂದು ಲೈನ್ ಹಾಳಾದ ಮೇಲೆ.

ರಾಡಿನ ಚರಿತ್ರೆಯಲ್ಲಿ ಭಾರತದ ಹೆಸರು ಒಂದು ಕಡೆ ಬರುತ್ತದೆ. 19ನೇ ಶತಮಾನದಲ್ಲಿ ಅಮೆರಿಕದ ಕುಶಲಿಗರು ಬಿದಿರನ್ನು ಉದ್ದುದ್ದ ಸೀಳಿ, ಆರು ಸೀಳುಗಳನ್ನು ಅಂಟಿಸಿ ಆರು ಮೂಲೆಯ ರಾಡ್ ಮಾಡಲು ಕಲಿತಾಗ ಅವರು ಬಳಸಿದ್ದು ಕಲ್ಕತ್ತಾ ಬಂದರಿನಿಂದ ಹೋದ ಬಿದಿರು. ಕಲ್ಕತ್ತಾ ಕೇನ್ ಎಂದೇ ಅದರ ಹೆಸರು. 20ನೇ ಶತಮಾನದ ಆರಂಭದಲ್ಲಿ ದಕ್ಷಿಣ ಚೀನಾದ ಟಾಂಕಿನ್ ಬಿದಿರು ಅದನ್ನು ಮೂಲೆಗೆ ತಳ್ಳಿತು. ನಾರು ಇನ್ನೂ ಒತ್ತು, ಗೆಣ್ಣು ಕಡಿಮೆ. 1950ರಲ್ಲಿ ಅಮೆರಿಕ ಚೀನಾದ ವ್ಯಾಪಾರ ನಿಲ್ಲಿಸಿದಾಗ ಗಾಜಿನ ನಾರಿನ ರಾಡುಗಳಿಗೆ ದಾರಿಯಾಯಿತು. 1970ರ ದಶಕದಲ್ಲಿ ಕಾರ್ಬನ್ ನಾರು. ಇವತ್ತು ಹೊಸಬರು ಕೊಳ್ಳಬೇಕಾದದ್ದು ಒಂಬತ್ತು ಅಡಿಯ, ನಾಲ್ಕು ತುಂಡಿನ, 5ನೇ ನಂಬರಿನ, ಮಧ್ಯಮ ಬೆಲೆಯ ಕಾರ್ಬನ್ ರಾಡ್. ಬಹಳ ಗಡುಸಾದದ್ದು ಬೇಡ. ಹತ್ತಿರದ ಎಸೆತದಲ್ಲಿ ಅದು ಬಾಗುವುದೇ ಇಲ್ಲ, ಸಪೂರ ಟಿಪೆಟ್ಟಿಗೆ ಪೆಟ್ಟು ನೇರ ತಗುಲುತ್ತದೆ. ಬಾಗುವ ರಾಡ್ ಗಂಟನ್ನು ಕಾಯುತ್ತದೆ.

ಉಳಿದ ಸಾಮಾನು ಬೇಗ ಮುಗಿಸಬಹುದು. ಪೋಲರೈಸ್ಡ್ ಕನ್ನಡಕ ಬೇಕೇ ಬೇಕು. ನೀರಿನ ಹೊಳಪು ತೆಗೆದು ಮೀನು ತೋರಿಸುತ್ತದೆ, ಕೊಕ್ಕೆಯಿಂದ ಕಣ್ಣು ಕಾಯುತ್ತದೆ. ಅಗಲ ಅಂಚಿನ ಟೋಪಿ. ದಾರ ಕತ್ತರಿಸಲು ಕುತ್ತಿಗೆಗೆ ನೇತುಹಾಕಿದ ಉಗುರು ಕತ್ತರಿ ಸಾಕು. ಹಲ್ಲಿನಲ್ಲಿ ಕಚ್ಚಿ ಕತ್ತರಿಸುವುದರಿಂದ ಹಲ್ಲಿನ ಡಾಕ್ಟರಿಗೆ ಮಾತ್ರ ಲಾಭ. ಕೊಕ್ಕೆ ಬಿಡಿಸಲು ಸಣ್ಣ ಫೋರ್ಸೆಪ್ಸ್. ಹಿಮ ಕರಗಿದ ನೀರಿನ ನದಿಯಲ್ಲಿ ನಿಲ್ಲುವವರಿಗೆ ಊರುಗೋಲು. ನಾನು ಎರಡು ಸಲ ಬಿದ್ದ ಮೇಲೆ ಒಂದು ಬಿದಿರು ಕೋಲು ಕಡಿಸಿಕೊಂಡೆ. ಬೂಟಿನ ಅಡಿಗೆ ಉಣ್ಣೆಯ ಹಾಸು ಇದ್ದರೆ ಜಾರುವುದಿಲ್ಲ, ಆದರೆ ಅದರಲ್ಲಿ ಒಂದು ನದಿಯ ಪಾಚಿ ಇನ್ನೊಂದು ನದಿಗೆ ಸಾಗುತ್ತದೆ. ಇದೇ ಕಾರಣಕ್ಕೆ ನ್ಯೂಜಿಲೆಂಡ್ 2008ರಲ್ಲಿ ಅದನ್ನು ನಿಷೇಧಿಸಿತು. ರಬ್ಬರ್ ಅಡಿ ಕೊಳ್ಳಿ, ಮನೆಗೆ ಬಂದು ಒಣಗಿಸಿ.

ನಮ್ಮ ದೇಶದಲ್ಲಿ ಇದನ್ನೆಲ್ಲ ಎಲ್ಲಿ ಬಳಸುವುದು? ಟ್ರೌಟ್ ಇಲ್ಲಿನದಲ್ಲ. ಕಾಶ್ಮೀರಕ್ಕೆ 1900ರಲ್ಲಿ ಸ್ಕಾಟ್ಲೆಂಡಿನಿಂದ ಮೊಟ್ಟೆಗಳಾಗಿ ಬಂತು. ಮುಂದಿನ ಒಂದೆರಡು ದಶಕದಲ್ಲಿ ಕುಲ್ಲು ಕಣಿವೆಗೂ ನಮ್ಮ ಪಕ್ಕದ ನೀಲಗಿರಿಗೂ ಬಿಟ್ಟರು. ಹಿಮಾಚಲದಲ್ಲಿ ಮೀನುಗಾರಿಕೆ ಇಲಾಖೆಯ ಪರವಾನಗಿ ತೆಗೆದುಕೊಳ್ಳಬೇಕು, ನವೆಂಬರ್‌ನಿಂದ ಫೆಬ್ರವರಿವರೆಗೆ ಮೊಟ್ಟೆಯಿಡುವ ಕಾಲವಾದ್ದರಿಂದ ಗಾಳ ಬಂದ್. ನಮ್ಮದೇ ಮೀನು ಮಹಶೀರ್. ಅದರ ಬಗ್ಗೆ ಗಾಳಗಾರರು ಇಂದಿಗೂ ಓದುವ 'ದಿ ರಾಡ್ ಇನ್ ಇಂಡಿಯಾ' ಬರೆದವನು ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಎಚ್.ಎಸ್. ಥಾಮಸ್. 1873ರಲ್ಲಿ ಅದು ಅಚ್ಚಾದದ್ದು ಮಂಗಳೂರಿನಲ್ಲಿ. ಮಹಶೀರ್‌ಗೆ ಬಾಯಲ್ಲಿ ಹಲ್ಲಿಲ್ಲ, ಗಂಟಲಲ್ಲಿ ಇವೆ; ದುರ್ಬಲ ಕೊಕ್ಕೆಯನ್ನು ಅದು ಅಮುಕಿ ಮುರಿದುಹಾಕಬಲ್ಲದು. ಇದಕ್ಕೆ 5ನೇ ನಂಬರಿನ ರಾಡ್ ಆಟಿಕೆ. 8 ಇಲ್ಲವೆ 10 ಬೇಕು, ದಪ್ಪ ಟಿಪೆಟ್ ಬೇಕು, ರೀಲ್‌ಗೆ ಒಳ್ಳೆಯ ಬ್ರೇಕ್ ಬೇಕು. ಟ್ರೌಟ್‌ಗೆ ರೀಲ್ ಎಂದರೆ ಲೈನ್ ಸುತ್ತಿಡುವ ಉಂಡೆ ಅಷ್ಟೆ. ಮಹಶೀರ್‌ಗೆ ಮಾತ್ರ ಅದು ಯಂತ್ರವಾಗುತ್ತದೆ.

ಕಾವೇರಿಯಲ್ಲೀಗ ಆ ಮಾತು ಬಹುಮಟ್ಟಿಗೆ ಹಳೆಯದು. ಭೀಮೇಶ್ವರಿ, ದೊಡ್ಡಮಕ್ಕಳಿ, ಗಾಳಿಬೋರೆಯ ಕ್ಯಾಂಪುಗಳಿಗೆ ಒಂದು ಕಾಲಕ್ಕೆ ಲೋಕದ ಗಾಳಗಾರರೆಲ್ಲ ಬರುತ್ತಿದ್ದರು. ಅಭಯಾರಣ್ಯದೊಳಗೆ ಗಾಳ ಕೂಡದೆಂದು ಕಳೆದ ದಶಕದ ಆರಂಭದಲ್ಲಿ ಅದು ನಿಂತಿತು. ಮೀನನ್ನು ಹಿಡಿದು ಬಿಡುವವರು ನದಿಯ ಕಾವಲುಗಾರರೂ ಆಗಿದ್ದರು, ಅವರು ಹೋದ ಮೇಲೆ ಸಿಡಿಮದ್ದು ಹಾಕುವವರಿಗೆ ಅಡ್ಡಿ ಇಲ್ಲ ಎಂಬ ವಾದದಲ್ಲಿ ಹುರುಳಿದೆ. ಗಾಳ ಹಾಕುವವನ ಬಾಯಲ್ಲಿ ಆ ವಾದ ತೀರ ಅನುಕೂಲಕರವಾಗಿ ಕೇಳುತ್ತದೆ ಎಂಬುದೂ ನಿಜ. ಕಾವೇರಿಯ ಕಿತ್ತಳೆ ರೆಕ್ಕೆಯ ಗೂನುಬೆನ್ನಿನ ಮಹಶೀರ್‌ಗೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ; ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಪಟ್ಟಿಗೂ ಸೇರಿತು.

ಉಳಿದ ಎರಡು ಗಂಟುಗಳು ರೀಲಿನೊಳಗೆ ಅಡಗಿವೆ. ನಾಲ್ಕನೆಯದು ಲೈನ್‌ನ ಬುಡಕ್ಕೆ ಬ್ಯಾಕಿಂಗ್ ದಾರ ಕೂಡಿಸುವುದು. ಅಲ್ಬ್ರೈಟ್ ಎಂಬ ಗಂಟು, ಇಲ್ಲವೆ ಮತ್ತೆ ಅದೇ ರೀಫಿಲ್ಲಿನ ಗಂಟು. ಅದು ರಾಡಿನ ಬಳೆಗಳಲ್ಲಿ ಸಿಕ್ಕದೆ ನುಸುಳುವಷ್ಟು ನಯವಾಗಿರಬೇಕು. ಐದನೆಯದು ಬ್ಯಾಕಿಂಗನ್ನು ರೀಲಿನ ದಿಂಡಿಗೆ ಕಟ್ಟುವುದು. ಎಲ್ಲಕ್ಕಿಂತ ಸುಲಭ: ದಿಂಡಿನ ಸುತ್ತ ತಂದ ದಾರದಿಂದ ಮೂಲ ದಾರಕ್ಕೆ ಒಂದು ಸಾದಾ ಗಂಟು, ತುದಿಗೇ ಇನ್ನೊಂದು, ಎಳೆದರೆ ಮೊದಲನೆಯದು ಜಾರಿಕೊಂಡು ಹೋಗಿ ದಿಂಡಿಗೆ ಒತ್ತುತ್ತದೆ, ಎರಡನೆಯದು ಅದಕ್ಕೆ ತಡೆ. ನುಣುಪು ದಿಂಡಿನಲ್ಲಿ ಜಾರಿದರೆ ಕೆಳಗೆ ಒಂದು ಸುತ್ತು ಟೇಪ್ ಅಂಟಿಸಿ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮಹಶೀರ್‌ನಂಥ ಮೀನು ಗಾಳಕ್ಕೆ ಬಿದ್ದು ಮಡುವಿನಿಂದ ಮಡುವಿಗೆ ಓಡಿದರೆ ಮಾತ್ರ ಈ ಗಂಟಿಗೆ ಕೆಲಸ. ನನ್ನ ರೀಲಿನಲ್ಲಿ ಅದು ಕಟ್ಟಿದ ದಿನದಿಂದ ಬೆಳಕು ಕಂಡಿಲ್ಲ.

ಕತ್ತರಿಸಿದ ದಾರದ ತುಂಡುಗಳನ್ನು ನೀರಿಗಾಗಲಿ ದಂಡೆಗಾಗಲಿ ಬಿಡಬಾರದು. ಹಕ್ಕಿಯ ಕಾಲಿಗೆ, ನೀರುನಾಯಿಯ ಕುತ್ತಿಗೆಗೆ ಸುತ್ತಿಕೊಂಡರೆ ಅದು ವರ್ಷಗಟ್ಟಲೆ ಕೊಳೆಯುವುದಿಲ್ಲ. ನಾನು ಅಂಗಿಯ ಜೇಬಿಗೆ ತುರುಕಿಕೊಳ್ಳುತ್ತೇನೆ. ಪ್ರತಿ ಸಲ ಊರಿಂದ ಬಂದ ಮೇಲೆ ಬಟ್ಟೆ ನೆನೆಹಾಕುವ ಹೊತ್ತಿಗೆ ಬಚ್ಚಲಿಂದ ಅಮ್ಮನ ದನಿ ಕೇಳುತ್ತದೆ: "ಏನೋ ಇದು ಜೇಬಲ್ಲಿ, ಕೂದಲೋ ದಾರವೋ? ಒಂದೂ ಬಿಡಿಸಕ್ಕೆ ಬರಲ್ಲ."